ಆರು ಚಕ್ರದ ಟೈರೆಲ್: ತಮಿಯಾ 1/20 ಪಿ34 ಕಿಟ್ ಕಟ್ಟಿದ ಮೇಲೆ

ಟೈರೆಲ್ ಪಿ34 ಎಂಬುದು ಆರು ಚಕ್ರದ ಫಾರ್ಮುಲಾ ಒನ್ ರೇಸ್ ಕಾರು. ಜಪಾನಿನ ತಮಿಯಾ ಕಂಪನಿ ಮಾಡುವ ಅದರ 1/20 ಅಳತೆಯ, ಅಂದರೆ ಮೂಲದ ಇಪ್ಪತ್ತನೇ ಒಂದು ಪಾಲಿನ, ಪ್ಲಾಸ್ಟಿಕ್ ಮಾದರಿ ಕಿಟ್‌ನ 1976ರ ಜಪಾನ್ ಗ್ರ್ಯಾನ್ ಪ್ರಿ ಆವೃತ್ತಿಯನ್ನು ಕಟ್ಟಿ ಮುಗಿಸಲು ನನಗೆ ಮೂರು ತಿಂಗಳು ಹಿಡಿಯಿತು. ಕೆಲಸವೆಲ್ಲ ನಡೆದದ್ದು ಹೆಚ್ಚಾಗಿ ಭಾನುವಾರಗಳಂದು. ಪ್ಲಾಸ್ಟಿಕ್ ರೇಸ್ ಕಾರುಗಳನ್ನು ಕಟ್ಟುವ ನಮ್ಮಂಥವರು ಡಿಟೇಲಿಂಗ್ ಎಂಬ ಪದವನ್ನು ಸಡಿಲವಾಗಿ ಬಳಸುತ್ತೇವೆ. ಪೆಟ್ಟಿಗೆಯಲ್ಲಿ ಇಲ್ಲದ ತಂತಿ, ಕೊಳವೆ, ತಿರುಪುಗಳನ್ನು ಎಷ್ಟು ಹೆಚ್ಚು ಅಂಟಿಸಿದರೆ ಮಾದರಿ ಅಷ್ಟು ಚೆನ್ನ ಎಂದುಕೊಳ್ಳುತ್ತೇವೆ. ಈ ಕಿಟ್ ನನ್ನ ಆ ಅಭಿಪ್ರಾಯವನ್ನು ಬದಲಿಸಿತು. ಸೇರಿಸುವ ಪ್ರತಿಯೊಂದು ತಂತಿಗೂ ಹೊರಡುವ ಜಾಗ ಒಂದಿರಬೇಕು, ಹೋಗಿ ಸೇರುವ ಜಾಗ ಒಂದಿರಬೇಕು. ಅದು ಗೊತ್ತಿಲ್ಲದಿದ್ದರೆ ಆ ತಂತಿಯನ್ನು ಬಿಟ್ಟುಬಿಡುವುದೇ ಮೇಲು. ಆದ್ದರಿಂದ ಈ ವಿಮರ್ಶೆಯಲ್ಲಿ ಕಿಟ್‌ನ ಗುಣಾವಗುಣಗಳ ಜೊತೆಗೆ ಮೂಲ ಕಾರಿನ ಮಾತೂ ಸಾಕಷ್ಟು ಬರುತ್ತದೆ.

ಪಿ34 ಕಾರನ್ನು ವಿನ್ಯಾಸ ಮಾಡಿದವರು ಟೈರೆಲ್ ತಂಡದ ಡೆರೆಕ್ ಗಾರ್ಡ್ನರ್. ಆ ಕಾಲದ ಫಾರ್ಮುಲಾ ಒನ್ ಕಾರುಗಳ ದೊಡ್ಡ ಮುಂಚಕ್ರಗಳು ಮೂತಿಯ ಎರಡೂ ಬದಿಯಲ್ಲಿ ಹೊರಚಾಚಿ ಗಾಳಿಗೆ ಎದೆಯೊಡ್ಡಿ ನಿಲ್ಲುತ್ತಿದ್ದವು. ಚಕ್ರವನ್ನೇ ಚಿಕ್ಕದು ಮಾಡಿ ಮೂತಿಯ ಅಗಲದ ಹಿಂದೆ ಅಡಗಿಸಿದರೆ ಗಾಳಿಯ ತಡೆ ಕಡಿಮೆಯಾಗುತ್ತದೆ. ಚಿಕ್ಕ ಟೈರಿನಿಂದ ಕಳೆದುಕೊಂಡ ಹಿಡಿತವನ್ನು ಎರಡರ ಬದಲು ನಾಲ್ಕು ಚಕ್ರ ಹಾಕಿ ಮರಳಿ ಪಡೆಯಬಹುದು. ಇದು ಅವರ ಲೆಕ್ಕಾಚಾರವಾಗಿತ್ತು. ಲೆಕ್ಕ ಪೂರ್ತಿ ತಪ್ಪಾಗಿರಲಿಲ್ಲ. 1976ರ ಸ್ವೀಡನ್ ಗ್ರ್ಯಾನ್ ಪ್ರಿಯಲ್ಲಿ, ಆಂಡರ್‌ಸ್ಟಾರ್ಪ್ ಟ್ರ್ಯಾಕ್‌ನಲ್ಲಿ, ತಂಡದ ಚಾಲಕರಾದ ಜೋಡಿ ಶೆಕ್ಟರ್ ಮೊದಲಿಗರಾಗಿಯೂ ಪ್ಯಾಟ್ರಿಕ್ ದೆಪಾಯೆ ಎರಡನೆಯವರಾಗಿಯೂ ಗುರಿ ಮುಟ್ಟಿದರು. ಆರು ಚಕ್ರದ ಕಾರೊಂದು ಫಾರ್ಮುಲಾ ಒನ್ ರೇಸ್ ಗೆದ್ದದ್ದು ಆ ಒಂದೇ ಸಲ. ಆದರೆ ಅಷ್ಟು ಚಿಕ್ಕ ಟೈರು ಬೇಕಾಗಿದ್ದದ್ದು ಈ ಒಂದು ತಂಡಕ್ಕೆ ಮಾತ್ರವಾದ್ದರಿಂದ ಅದರ ಸುಧಾರಣೆ ಉಳಿದ ಟೈರುಗಳ ವೇಗಕ್ಕೆ ನಡೆಯಲಿಲ್ಲ. 1977ರ ಕೊನೆಗೆ ಕಾರನ್ನು ಕೈಬಿಡಲಾಯಿತು.

ಮುಂದಿನ ರಿಮ್‌ಗಳ ವ್ಯಾಸ 10 ಇಂಚು. 1/20ಕ್ಕೆ ಇಳಿಸಿದರೆ ಅದು ಸುಮಾರು 12.7 ಮಿಲಿಮೀಟರ್, ಅಂದರೆ ಶರ್ಟಿನ ಗುಂಡಿಗಿಂತ ತುಸು ದೊಡ್ಡದು. ಅಂಥ ನಾಲ್ಕು ಗುಂಡಿಗಳ ಹಿಂದೆ ತೋಳು, ಸ್ಪ್ರಿಂಗು, ಬ್ರೇಕು, ಸ್ಟಿಯರಿಂಗ್ ಸರಳುಗಳು ಒತ್ತೊತ್ತಾಗಿ ಕೂರಬೇಕು. ಕಿಟ್‌ನ ಅತ್ಯಂತ ಕಠಿಣವಾದ, ಹಾಗೆಯೇ ಅತ್ಯಂತ ತೃಪ್ತಿ ಕೊಡುವ ಭಾಗ ಇದೇ. ಭಾಗಗಳ ಹೊಂದಾಣಿಕೆ ಮೆಚ್ಚುವಂತಿದೆ. ಆದರೆ ಜೋಡಿಸುವವರ ಅವಸರವನ್ನು ಇದು ಸಹಿಸುವುದಿಲ್ಲ. ಮೂರು ಕಾಲಿನ ಮಣೆ ಎಲ್ಲಿಟ್ಟರೂ ನಿಲ್ಲುತ್ತದೆ, ನಾಲ್ಕು ಕಾಲಿನದು ಕೆಲವೊಮ್ಮೆ ಓಲಾಡುತ್ತದೆ. ಇಲ್ಲಿ ಇರುವುದು ಆರು ಕಾಲು. ನಾನು ಅನುಸರಿಸಿದ ಕ್ರಮವನ್ನು ಹೇಳುತ್ತೇನೆ. ನಿಧಾನವಾಗಿ ಒಣಗುವ ಅಂಟು ಹಚ್ಚಿ, ಕಾರನ್ನು ದಪ್ಪ ಗಾಜಿನ ಹಲಗೆಯ ಮೇಲೆ ನಿಲ್ಲಿಸಿ, ಪ್ರತಿ ಚಕ್ರದ ಕೆಳಗೂ ತೆಳುವಾದ ಕಾಗದದ ಪಟ್ಟಿಯೊಂದನ್ನು ತೂರಿಸಿ ಎಳೆದು ನೋಡಿದೆ. ಪಟ್ಟಿ ಸಲೀಸಾಗಿ ಜಾರಿ ಬಂದರೆ ಆ ಚಕ್ರ ನೆಲ ಮುಟ್ಟಿಲ್ಲವೆಂದು ಅರ್ಥ. ಮೊದಲ ಪರೀಕ್ಷೆಯಲ್ಲಿ ಎಡಗಡೆಯ ಎರಡನೇ ಚಕ್ರದ ಕೆಳಗೆ ಕಾಗದ ಜಾರಿತು. ಅಂಟು ಇನ್ನೂ ಮೆತ್ತಗಿದ್ದುದರಿಂದ ಬೆರಳಿನಿಂದ ಮೆಲ್ಲಗೆ ಒತ್ತಿ, ಮೇಲೆ ಒಂದು ನಿಘಂಟನ್ನು ಹಗುರವಾಗಿ ಆನಿಸಿ, ರಾತ್ರಿಯಿಡೀ ಹಾಗೆಯೇ ಬಿಟ್ಟೆ. ಬೆಳಿಗ್ಗೆ ಆರೂ ಪಟ್ಟಿಗಳು ಬಿಗಿಯಾಗಿ ಹಿಡಿದುಕೊಂಡಿದ್ದವು. ತಕ್ಷಣ ಹಿಡಿಯುವ ಅಂಟನ್ನು ಬಳಸಿದ್ದರೆ ಈ ತಿದ್ದುಪಡಿಗೆ ಅವಕಾಶವೇ ಇರುತ್ತಿರಲಿಲ್ಲ.

ಇನ್ನು ಎಂಜಿನ್ನಿನ ವಿಷಯ. ಪಿ34ಕ್ಕೆ ಶಕ್ತಿ ಕೊಟ್ಟದ್ದು ಕೀತ್ ಡಕ್ವರ್ತ್ ರೂಪಿಸಿದ ಫೋರ್ಡ್ ಕಾಸ್ವರ್ತ್ ಡಿಎಫ್‌ವಿ, 3 ಲೀಟರಿನ ವಿ8, ಅಂದರೆ ಎಂಟು ಸಿಲಿಂಡರುಗಳು ವಿ ಆಕಾರದ ಎರಡು ಸಾಲಾಗಿ ಕೂತ ಎಂಜಿನ್. 1967ರ ಡಚ್ ಗ್ರ್ಯಾನ್ ಪ್ರಿಯಲ್ಲಿ, ತನ್ನ ಮೊದಲ ರೇಸಿನಲ್ಲೇ, ಜಿಮ್ ಕ್ಲಾರ್ಕ್ ಅವರ ಲೋಟಸ್‌ಗೆ ಗೆಲುವು ತಂದುಕೊಟ್ಟ ಎಂಜಿನ್ ಅದು. ಇದನ್ನು ಚೌಕಟ್ಟಿನ ಒಳಗೆ ಇಡುವುದಿಲ್ಲ. ಚಾಲಕ ಕುಳಿತುಕೊಳ್ಳುವ ತೊಟ್ಟಿಯ ಬೆನ್ನಿಗೆ ಎಂಜಿನ್ನನ್ನು ನೇರವಾಗಿ ಬೋಲ್ಟ್ ಮಾಡಲಾಗುತ್ತದೆ. ಅದರ ಹಿಂದೆ ಗೇರ್‌ಬಾಕ್ಸ್. ಹಿಂಚಕ್ರಗಳ ಭಾರವೆಲ್ಲ ಎಂಜಿನ್ನಿನ ಮೂಲಕವೇ ಮುಂದಕ್ಕೆ ಹೋಗುತ್ತದೆ. ಕಿಟ್‌ನ ಜೋಡಣೆಯೂ ಇದೇ ದಾರಿಯಲ್ಲಿ ಸಾಗುತ್ತದೆ. ಮಾದರಿ ಕಟ್ಟುತ್ತಾ ಕಟ್ಟುತ್ತಾ ಮೂಲ ಯಂತ್ರದ ತರ್ಕ ಕೈಗೆ ತಾನಾಗಿ ತಿಳಿಯುವಂತೆ ಭಾಗಗಳನ್ನು ವಿಂಗಡಿಸಿರುವುದನ್ನು ಈ ಕಿಟ್‌ನ ದೊಡ್ಡ ಗುಣವೆಂದು ನಾನು ಎಣಿಸುತ್ತೇನೆ. ಜೊತೆಗೆ ಎಂಜಿನ್ನಿನ ಬದಿಗಳು ಹೊದಿಕೆಯಿಲ್ಲದೆ ತೆರೆದೇ ಇರುವುದರಿಂದ ಮಾಡಿದ ಕೆಲಸ ಯಾವುದೂ ಮುಚ್ಚಿಹೋಗುವುದಿಲ್ಲ. ಮಾಡದೆ ಬಿಟ್ಟದ್ದೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ.

ಸ್ಪಾರ್ಕ್ ಪ್ಲಗ್ಗಿನ ತಂತಿಗಳನ್ನು ನಾವೇ ಒದಗಿಸಿಕೊಳ್ಳಬೇಕು. ನಿಜವಾದ ತಂತಿಯ ದಪ್ಪ ಸುಮಾರು 8 ಮಿಲಿಮೀಟರ್ ಎಂದು ಹಿಡಿದರೆ ನಮಗೆ ಬೇಕಾದದ್ದು 0.4 ಮಿಲಿಮೀಟರಿನದು. ಆಮದು ಮಾಡಿದ ತಂತಿಯ ಪೊಟ್ಟಣಗಳು ಸಿಗುತ್ತವೆ, ಆದರೆ ನಮ್ಮ ಊರುಗಳ ಮೋಟಾರ್ ವೈಂಡಿಂಗ್ ಅಂಗಡಿಗಳಲ್ಲಿ ಅದಕ್ಕಿಂತ ಒಳ್ಳೆಯ ವಸ್ತುವಿದೆ. ಪಂಪ್‌ಸೆಟ್ಟು, ಫ್ಯಾನುಗಳ ಸುರುಳಿ ಸುತ್ತಲು ಬಳಸುವ 27 ಅಥವಾ 28 ಗೇಜಿನ ಎನಾಮಲ್ ಲೇಪಿತ ತಾಮ್ರದ ತಂತಿ ಬಹುತೇಕ ಇದೇ ದಪ್ಪದ್ದು. ನಮ್ಮ ಬೀದಿಯ ಅಂಗಡಿಯವರಲ್ಲಿ ಕೇಳಿದಾಗ ಎರಡು ಮಾರು ತಂತಿಯನ್ನು ದುಡ್ಡು ತೆಗೆದುಕೊಳ್ಳದೆ ಕೊಟ್ಟರು. ತಾಮ್ರವನ್ನು ಹೇಗೆ ಬಗ್ಗಿಸುತ್ತೇವೆಯೋ ಹಾಗೆಯೇ ನಿಲ್ಲುತ್ತದೆ. ದಾರವಾಗಲಿ ಪ್ಲಾಸ್ಟಿಕ್ ಎಳೆಯಾಗಲಿ ಹಾಗೆ ನಿಲ್ಲುವುದಿಲ್ಲ. ಕೈಡ್ರಿಲ್ಲಿಗೆ 0.4ರ ಬಿಟ್ ಹಾಕಿ, ಪ್ಲಗ್ ಇರುವ ಜಾಗಗಳಲ್ಲಿ ಒಂದು ಬದಿಗೆ ನಾಲ್ಕರಂತೆ ಎಂಟು ರಂಧ್ರ ಕೊರೆದು, ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ ಕೂರುವ, ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನಿಂದ ಒಂದೊಂದೇ ತಂತಿಯನ್ನು ತಂದು ಇಳಿಸಿದೆ. ಒಂದರ ಬಾಗು ಇನ್ನೊಂದಕ್ಕೆ ಅಚ್ಚೊತ್ತಿದಂತೆ ಹೊಂದಬೇಕಾಗಿಲ್ಲ. ನಿಜವಾದ ಎಂಜಿನ್ನಿನಲ್ಲೂ ಅವು ತುಸು ಅಸ್ತವ್ಯಸ್ತವಾಗಿಯೇ ಇರುತ್ತವೆ. ಆದರೆ ಎಂಟರಲ್ಲಿ ಒಂದೂ ಗಾಳಿಯಲ್ಲಿ ಕೊನೆಗೊಳ್ಳಬಾರದು. ಇಂಧನದ ಕೊಳವೆಗಳ ವಿಷಯದಲ್ಲಿ ನನ್ನ ಕೈಗೆ ಸ್ಪಷ್ಟವಾದ ಚಿತ್ರ ಸಿಕ್ಕಿದ್ದು ಎರಡಕ್ಕೆ ಮಾತ್ರ. ಎರಡನ್ನೇ ಹಾಕಿ ನಿಲ್ಲಿಸಿದೆ.

ಕಾಕ್‌ಪಿಟ್ಟಿನ ಎರಡು ಬದಿಗಳಲ್ಲಿ ಪುಟ್ಟ ಕಿಟಕಿಗಳಿವೆ. ಚಾಲಕನಿಗೆ ಆ ಚಿಕ್ಕ ಮುಂಚಕ್ರಗಳು ಕಾಣಲೆಂದು ಮೂಲ ಕಾರಿನಲ್ಲೇ ಇದ್ದ ವ್ಯವಸ್ಥೆ ಇದು. ಈ ಪಾರದರ್ಶಕ ತುಣುಕುಗಳನ್ನು ಸೂಪರ್ ಗ್ಲೂನಿಂದ ಅಂಟಿಸಲೇಬಾರದು, ಅದರ ಆವಿಯಿಂದ ಪ್ಲಾಸ್ಟಿಕ್ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಮರಗೆಲಸದ ಬಿಳಿ ಗೋಂದು ಸಾಕು, ಒಣಗಿದಾಗ ಅದು ಕಾಣುವುದೂ ಇಲ್ಲ. ಸೀಟ್ ಬೆಲ್ಟುಗಳನ್ನು ನಾನು ಮಾಸ್ಕಿಂಗ್ ಟೇಪಿನಿಂದ ಮಾಡಿದೆ. ಮೂರು ಇಂಚಿನ ಬೆಲ್ಟು ಈ ಅಳತೆಯಲ್ಲಿ ನಾಲ್ಕು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಬರುತ್ತದೆ. ಬಕಲ್ಲುಗಳಿಗೆ ಮಾತ್ರೆಯ ಪಟ್ಟಿಯ ಹಿಂಬದಿಯ ತಗಡು ಒದಗಿತು.

ಬಣ್ಣದ ವಿಷಯದಲ್ಲಿ ಭಾರತದಲ್ಲಿರುವವರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕು. ಜಪಾನಿನ ಸ್ಪ್ರೇ ಡಬ್ಬಿಗಳು ಬೆಂಕಿ ಹತ್ತುವ ಅನಿಲ ತುಂಬಿದವಾದ್ದರಿಂದ ಮಾಮೂಲಿ ವಿಮಾನದ ಅಂಚೆಯಲ್ಲಿ ಬರುವುದಿಲ್ಲ. ಇಲ್ಲಿ ಸಿಕ್ಕಾಗ ಕೊಂಡಿಟ್ಟುಕೊಳ್ಳಬೇಕು, ಇಲ್ಲವೇ ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್ ಕಲಿಯಬೇಕು. ನಾನು 0.3 ಮಿಲಿಮೀಟರ್ ನಾಝಲಿನ ಏರ್‌ಬ್ರಶ್ಶಿನಿಂದ ಬೂದು ಪ್ರೈಮರ್, ಅದರ ಮೇಲೆ ನೀಲಿ ಲ್ಯಾಕರನ್ನು ತೆಳುವಾಗಿ ನಾಲ್ಕು ಸಲ ಹೊಡೆದೆ. ಕೆಲಸ ಆರಂಭವಾದದ್ದು ಆಷಾಢದಲ್ಲಿ. ಗಾಳಿಯಲ್ಲಿ ತೇವ ಹೆಚ್ಚಿರುವಾಗ ಲ್ಯಾಕರ್ ಒಣಗುತ್ತಲೇ ಅದರ ಮೇಲೆ ಬಿಳಿಯ ಪೊರೆಯೊಂದು ಕೂರುತ್ತದೆ. ನೀಲಿಯಂಥ ಗಾಢ ಬಣ್ಣದಲ್ಲಿ ಅದು ಬೂದಿ ಎರಚಿದಂತೆ ಕಾಣುತ್ತದೆ. ಮೂತಿಯ ಭಾಗಕ್ಕೆ ಹಾಗೆಯೇ ಆಯಿತು. ಮಳೆ ಬಿಡುವು ಕೊಟ್ಟ ಒಂದು ಮಧ್ಯಾಹ್ನ, ನಿಧಾನವಾಗಿ ಒಣಗಿಸುವ ಥಿನ್ನರ್ ಬೆರೆಸಿ ಮತ್ತೊಂದು ತೆಳು ಪದರ ಹೊಡೆದಾಗ ಪೊರೆ ಕರಗಿ ಬಣ್ಣ ಮರಳಿತು. ಲ್ಯಾಕರಿನ ಆವಿ ಎದೆಗೆ ಒಳ್ಳೆಯದಲ್ಲ. ಬಟ್ಟೆಯ ಮಾಸ್ಕು ಇದಕ್ಕೆ ಏನೂ ಮಾಡುವುದಿಲ್ಲ. ಇಂಗಾಲದ ಫಿಲ್ಟರ್ ಇರುವ ಮಾಸ್ಕನ್ನೇ ಹಾಕಬೇಕು, ಹತ್ತಿರದಲ್ಲಿ ಸೊಳ್ಳೆಬತ್ತಿಯಾಗಲಿ ದೀಪವಾಗಲಿ ಉರಿಯುತ್ತಿರಬಾರದು.

ಡೆಕಾಲ್ ಹಾಳೆಯನ್ನು, ಅಂದರೆ ನೀರಿನಲ್ಲಿ ನೆನೆಸಿ ಮಾದರಿಯ ಮೇಲೆ ಜಾರಿಸಿ ಅಂಟಿಸುವ ಬರಹ, ಚಿತ್ರಗಳ ಹಾಳೆಯನ್ನು, ನೋಡಿದಾಗ ನನಗಾದ ಸಂತೋಷ ಬೇರೆಯದು. 1976ರ ಅಕ್ಟೋಬರ್ 24ರಂದು ಫುಜಿಯಲ್ಲಿ ನಡೆದ ಆ ಜಪಾನ್ ಗ್ರ್ಯಾನ್ ಪ್ರಿ, ಮಳೆಯಲ್ಲಿ ನಿಕಿ ಲೌಡಾ ಹಿಂದೆ ಸರಿದದ್ದಕ್ಕೂ, ಮೂರನೆಯವರಾಗಿ ಬಂದ ಜೇಮ್ಸ್ ಹಂಟ್ ಒಂದೇ ಅಂಕದಿಂದ ವಿಶ್ವ ಚಾಂಪಿಯನ್ ಆದದ್ದಕ್ಕೂ ಹೆಸರಾಗಿದೆ. ಮಾರಿಯೊ ಆಂಡ್ರೆಟ್ಟಿ ಗೆದ್ದರು; ಎರಡನೆಯ ಸ್ಥಾನ ದೆಪಾಯೆ ಅವರ ಪಿ34ಕ್ಕೆ ಬಂತು. ಆತಿಥೇಯರಿಗೆ ಗೌರವ ತೋರಿಸಲು ಟೈರೆಲ್ ತಂಡ ಅಂದು ತನ್ನ ಹೆಸರನ್ನು ಕಾರಿನ ಮೇಲೆ ಜಪಾನಿನ ಹಿರಾಗಾನ ಲಿಪಿಯಲ್ಲಿ ಬರೆಸಿತ್ತು. ನಾಲ್ಕು ಅಕ್ಷರ: ತ, ಇ, ರೆ, ರು. ಹೊರಗಿನ ಹೆಸರುಗಳನ್ನು ಜಪಾನಿಗರು ಸಾಮಾನ್ಯವಾಗಿ ಕಟಕಾನ ಎಂಬ ಇನ್ನೊಂದು ಲಿಪಿಯಲ್ಲಿ ಬರೆಯುತ್ತಾರೆ. ಇಲ್ಲಿ ಮನೆಮಾತಿನ ದುಂಡು ಅಕ್ಷರಗಳೇ ಇವೆ. ಕನ್ನಡದವರಾದ ನಮಗೆ ಇದು ಹೊಸದಲ್ಲ. ನಾವು ಕಾರ್, ಬಸ್, ರೈಲ್‌ಗಳ ತುದಿಗೆ ಒಂದು ಉಕಾರ ಸೇರಿಸಿ ಕಾರು, ಬಸ್ಸು, ರೈಲು ಎಂದು ನಮ್ಮವಾಗಿಸಿಕೊಂಡಂತೆಯೇ ಅವರು ಟೈರೆಲ್ ಅನ್ನು ತೈರೆರು ಮಾಡಿಕೊಂಡಿದ್ದಾರೆ. ಆ ಅಕ್ಷರಗಳನ್ನು ಕುಂಚದ ತುದಿಯಿಂದ ನೀಲಿಯ ಮೇಲೆ ಜಾರಿಸುವಾಗ ನಾನು ಅವನ್ನು ಮೆಲ್ಲಗೆ ಓದಿಕೊಂಡೆ.

ಆ ಕೆಲಸದಲ್ಲೇ ಒಂದು ಅವಘಡವೂ ಆಯಿತು. ಮೊದಲ ಅಕ್ಷರದ ಅಂಚು ಮಡಚಿಕೊಂಡು ತನಗೆ ತಾನೇ ಅಂಟಿತು. ಚಿಮಟದಿಂದ ಎಳೆದಿದ್ದರೆ ಹರಿಯುತ್ತಿತ್ತು. ಒಂದು ದೊಡ್ಡ ಹನಿ ಉಗುರುಬೆಚ್ಚನೆಯ ನೀರನ್ನು ಅದರ ಮೇಲೆ ಬಿಟ್ಟು, ಎರಡು ನಿಮಿಷ ಕೈಕಟ್ಟಿ ಕಾದು, ಒದ್ದೆ ಕುಂಚದಿಂದ ಅಂಚಿನ ಅಡಿಗೆ ನೀರನ್ನು ತಳ್ಳುತ್ತಾ ಹೋದಾಗ ಮಡಿಕೆ ತಾನಾಗಿ ಬಿಚ್ಚಿಕೊಂಡಿತು. ಬಾಗಿದ ಮೇಲ್ಮೈಗಳಲ್ಲಿ ಡೆಕಾಲನ್ನು ಮೆದುಗೊಳಿಸುವ ದ್ರಾವಣ ಬೇಕೇ ಬೇಕು, ಆದರೆ ಹಚ್ಚಿದ ಮೇಲೆ ಅದು ಸುಕ್ಕಾಗುವುದನ್ನು ಕಂಡು ಗಾಬರಿಯಾಗಿ ಮುಟ್ಟಬಾರದು. ಒಣಗಿದಾಗ ಮತ್ತೆ ಚಪ್ಪಟೆಯಾಗುತ್ತದೆ. ಎರಡು ದಿನ ಒಣಗಲು ಬಿಟ್ಟು, ಮೇಲೆ ಕ್ಲಿಯರ್ ಲ್ಯಾಕರನ್ನು ಮೊದಲು ಮಂಜಿನಂತೆ ಹಗುರವಾಗಿ, ಆಮೇಲೆ ಸ್ವಲ್ಪ ತುಂಬಾಗಿ ಹೊಡೆಯಬೇಕು. ಮೊದಲ ಪದರವನ್ನೇ ದಪ್ಪವಾಗಿ ಹೊಡೆದರೆ ಅದು ಡೆಕಾಲನ್ನು ಕಚ್ಚುತ್ತದೆ. ಆಮೇಲೆ 2000 ನಂಬರಿನ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜಿ, ಪಾಲಿಶ್ ಮಾಡುವ ಕಾಂಪೌಂಡ್ ಹಾಕಿ ಹೊಳಪು ತಂದೆ. ಅಂಚುಗಳ ಹತ್ತಿರ ಕೈ ಹಗುರಾಗಿರಬೇಕು. ಬಣ್ಣ ಮೊದಲು ಹೋಗುವುದೇ ಅಲ್ಲಿ.

ಹಿಂದಿನ ರೆಕ್ಕೆ, ಕನ್ನಡಿಗಳು, ಟೈರುಗಳ ಬಗ್ಗೆ ವಿಶೇಷವಾಗಿ ಹೇಳುವುದೇನೂ ಇಲ್ಲ. ಎಲ್ಲವೂ ಸರಿಯಾಗಿ ಕೂರುತ್ತವೆ. ಕೊಳ್ಳುವಾಗ ಮಾತ್ರ ಎಚ್ಚರ ಬೇಕು. ನನಗೆ ಕಳಿಸಿದ ಮಾರಾಟಗಾರರು ಪೆಟ್ಟಿಗೆಯ ಸುತ್ತ ಏನನ್ನೂ ತುಂಬದೆ ಬರೀ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದರಿಂದ ಒಂದು ಮೂಲೆ ನಜ್ಜುಗುಜ್ಜಾಗಿತ್ತು, ತೆಳುವಾದ ಸರಳೊಂದು ಬಾಗಿತ್ತು. ದೂರಿಗೆ ಉತ್ತರ ಬರಲಿಲ್ಲ. ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಿಕೊಂಡೆ. ಸುಂಕ, ಸಾಗಣೆ ಸೇರಿದರೆ ಇದು ಅಗ್ಗದ ವಸ್ತುವಲ್ಲವಾದ್ದರಿಂದ, ಪೆಟ್ಟಿಗೆಯನ್ನು ಹೇಗೆ ಕಟ್ಟುತ್ತೀರೆಂದು ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಹಿಂದೆ ಎರಡು ಮೂರು ಕಾರುಗಳನ್ನಾದರೂ ಕಟ್ಟಿದವರಿಗೆ ಈ ಕಿಟ್ಟನ್ನು ನಾನು ಪೂರ್ಣ ಮನಸ್ಸಿನಿಂದ ಶಿಫಾರಸು ಮಾಡುತ್ತೇನೆ. ಮೊದಲ ಸಲ ಅಂಟಿನ ಶೀಶೆ ತೆರೆಯುವವರು 1/24 ಅಳತೆಯ, ಮೈ ಮುಚ್ಚಿದ ರೇಸ್ ಕಾರೊಂದರಿಂದ ಶುರು ಮಾಡಲಿ. ಬಣ್ಣ, ಡೆಕಾಲ್, ಹೊಳಪಿನ ಕೆಲಸ ಅದರಲ್ಲಿ ಕೈಗೆ ಹತ್ತುತ್ತದೆ. ಆಮೇಲೆ ಪಿ34 ಕೈಗೆತ್ತಿಕೊಳ್ಳುವಾಗ ಒಂದು ಗಾಜಿನ ಹಲಗೆ, ಆರು ಕಾಗದದ ಪಟ್ಟಿ, ಎರಡು ಮಾರು ತಾಮ್ರದ ತಂತಿ ಮೇಜಿನ ಮೇಲೆ ಮೊದಲೇ ಸಿದ್ಧವಾಗಿರಲಿ.