ಪ್ಯಾಸೆಂಜರ್ ಟ್ರೈನಲ್ಲಿ ಶ್ರೀರಂಗಪಟ್ಟಣ, ಒಂದು ರಾತ್ರಿ ಉಳ್ಕೊಂಡು ಬಂದ್ಮೇಲೆ ಬರೀತಿರೋ ರಿವ್ಯೂ

ಎರಡು ವರ್ಷದಿಂದ ನಾನೂ ಅಮ್ಮನೂ ತಿಂಗಳಿಗೊಂದ್ಸಲ ಬೆಂಗಳೂರಿಂದ ಟ್ರೈನ್ ಹತ್ತಿ ಹತ್ತಿರದ ಯಾವುದಾದ್ರೂ ಹಳೇ ಊರಿಗೆ ಹೋಗ್ಬರ್ತೀವಿ. ಕಾರಿಲ್ಲ, ಬಸ್ಸಲ್ಲಿ ಕಾಲು ಮಡಚಿ ಕೂತ್ರೆ ಅಮ್ಮಂಗೆ ಮಂಡಿ ಹಿಡ್ಕೊಳ್ಳುತ್ತೆ, ಟ್ರೈನಾದ್ರೆ ಎದ್ದು ನಾಲ್ಕು ಹೆಜ್ಜೆ ಓಡಾಡ್ಬೋದು. ಊರು ಆರಿಸೋಕೆ ನಮ್ಮದು ಒಂದೇ ಲೆಕ್ಕ: ಸ್ಟೇಷನ್ನಲ್ಲಿ ಇಳಿದ್ಮೇಲೆ ಆಟೋ ಹತ್ತದೆ ಅಮ್ಮನ ನಡಿಗೇಲಿ ಎಷ್ಟು ಹೊತ್ತಿಗೆ ಹಳೇ ಊರು ಸಿಗುತ್ತೆ ಅನ್ನೋದು. ಈ ಲೆಕ್ಕದಲ್ಲಿ ಇಲ್ಲೀವರೆಗೂ ಶ್ರೀರಂಗಪಟ್ಟಣನ ಯಾವ ಊರೂ ಮೀರಿಸಿಲ್ಲ, ಯಾಕಂದ್ರೆ ಅಲ್ಲಿ ಸ್ಟೇಷನ್ ಇರೋದೇ ಕೋಟೆ ಒಳಗೆ.

ಹೇಳಿದ ತಕ್ಷಣ ಎಲ್ರೂ ಅನ್ನೋದು ಒಂದೇ, ಅಯ್ಯೋ ಅಲ್ಲಿ ಎಲ್ಲಿ ಪ್ರಶಾಂತ, ಭಾನುವಾರ ಕಾಲಿಡೋಕ್ಕಾಗಲ್ಲ ಅಂತ. ನಿಜ, ಭಾನುವಾರ ಮಧ್ಯಾಹ್ನ ಹೋದ್ರೆ ಹಂಗೇ ಇರುತ್ತೆ. ಎಲ್ರೂ ಮೈಸೂರಿಗೆ ಹೋಗ್ತಾ ದಾರೀಲಿ ಎರಡು ಗಂಟೆ ಗಾಡಿ ನಿಲ್ಸಿ, ದೇವಸ್ಥಾನ ನೋಡಿ, ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ನೋಡಿ ಹೊರಟುಬಿಡ್ತಾರೆ. ವಾರದ ಮಧ್ಯೆ ಹೋಗಿ ಒಂದು ರಾತ್ರಿ ಉಳ್ಕೊಂಡು ನೋಡಿ, ಅದು ಬೇರೇನೇ ಊರು. ನಾವು ಹೋಗಿದ್ದು ಮಂಗಳವಾರ, ವಾಪಸ್ ಬಂದಿದ್ದು ಬುಧವಾರ.

ಮೊದ್ಲು ಟ್ರೈನ್ ಬಗ್ಗೆ. ಬೆಂಗಳೂರು ಮೈಸೂರು ಲೈನಲ್ಲಿ ಗಾಡಿಗಳಿಗೇನೂ ಬರ ಇಲ್ಲ, ಆದ್ರೆ ವಂದೇ ಭಾರತ್, ಶತಾಬ್ದಿ ತರದವು ಇಲ್ಲಿ ನಿಲ್ಲಲ್ಲ, ಅದಕ್ಕೇ ಟಿಕೆಟ್ ತಗೊಳ್ಳೋ ಮುಂಚೆ ಶ್ರೀರಂಗಪಟ್ಟಣದಲ್ಲಿ ಸ್ಟಾಪ್ ಇದ್ಯಾ ಅಂತ ನೋಡ್ಕೊಳ್ಳಿ. ನಾವು ಬೆಳಗಿನ ಪ್ಯಾಸೆಂಜರ್ ಹಿಡಿದ್ವಿ, ಮೆಜೆಸ್ಟಿಕ್ಕಲ್ಲೇ ಹತ್ತಿದ್ದಕ್ಕೆ ಕಿಟಕಿ ಸೀಟು ಸಿಕ್ತು, ಕೆಂಗೇರಿಯಲ್ಲಿ ಹತ್ತಿದೋರು ತುಂಬಾ ಜನ ರಾಮನಗರದ ತನಕ ನಿಂತೇ ಬಂದ್ರು. ಎಕ್ಸ್‌ಪ್ರೆಸ್‌ಗಿಂತ ನಿಧಾನ, ಆದ್ರೆ ನನಗೆ ಅದೇ ಇಷ್ಟ, ರಾಮನಗರದ ಬಂಡೆಗಳು ಕಣ್ಮುಂದೆ ಸಾವಕಾಶವಾಗಿ ಸರಿಯುತ್ವೆ, ಮದ್ದೂರು ಬಂತು ಅಂದ್ರೆ ವಡೆ ಬುಟ್ಟಿ ಒಳಗೆ ಬರುತ್ತೆ. ಪೇಪರಲ್ಲಿ ಸುತ್ತಿ ಕೊಟ್ಟ ವಡೆ ಇನ್ನೂ ಬೆಚ್ಚಗಿತ್ತು, ಮುರಿದ್ರೆ ಈರುಳ್ಳಿ ಘಮ, ಅಂಚಲ್ಲಿ ಗರಿಗರಿ ಮಧ್ಯೆ ಸ್ವಲ್ಪ ಮೆತ್ತಗೆ. ಎರಡು ತಗೊಂಡ್ವಿ, ಮತ್ತೆರಡು ಕಟ್ಟಿಸ್ಕೊಂಡ್ವಿ.

ಪಾಂಡವಪುರ ದಾಟಿದ್ಮೇಲೆ ಬ್ಯಾಗು ಎತ್ಕೊಂಡು ರೆಡಿಯಾಗಿ, ಗಾಡಿ ಜಾಸ್ತಿ ಹೊತ್ತು ನಿಲ್ಲಲ್ಲ. ಗುರುತು ಸುಲಭ: ಕಾವೇರಿ ಸೇತುವೆ ಮೇಲೆ ಗಾಡಿ ಸದ್ದು ಬದಲಾಗುತ್ತೆ, ಆಗ ಎದ್ದು ಬಾಗಿಲ ಹತ್ರ ಬಂದ್ರೆ ಸರಿಯಾಗುತ್ತೆ. ಊರು ಇರೋದು ನದಿಯ ಎರಡು ಕವಲಿನ ಮಧ್ಯೆ ದ್ವೀಪದಲ್ಲಿ, ಅಮ್ಮ ಎರಡೂ ಕೈ ಮುಗಿದ್ಳು.

ಈ ರೈಲು ಲೈನಿಗೂ ಕೋಟೆಗೂ ಸಂಬಂಧಪಟ್ಟ ಒಂದು ವಿಷಯ ಹೇಳ್ಲೇಬೇಕು. ಎರಡನೇ ಟ್ರ್ಯಾಕ್ ಹಾಕುವಾಗ ಟಿಪ್ಪು ಕಾಲದ ಮದ್ದಿನ ಮನೆ, ಅಂದ್ರೆ ಶಸ್ತ್ರಾಗಾರ, ಅಡ್ಡ ಬಂತು. ಒಡೆದು ಹಾಕ್ದೆ 2017ರಲ್ಲಿ ಇಡೀ ಕಟ್ಟಡನ ಜಾಕ್ ಕೊಟ್ಟು ಎತ್ತಿ, ನಿಧಾನಕ್ಕೆ ಜರುಗಿಸ್ಕೊಂಡು ನೂರು ಮೀಟರ್ ಆಸುಪಾಸು ಆಚೆ ಕೂರಿಸಿದ್ರು, ತೂಕ ಹೆಚ್ಚು ಕಮ್ಮಿ ಸಾವಿರ ಟನ್. ಇಟ್ಟಿಗೆ ಗಾರೆಯ ಕಟ್ಟಡ ಬಿರುಕು ಬಿಡದಂಗೆ ಎತ್ತಿಟ್ಟಿದಾರಲ್ಲ, ನೋಡಿ ನಂಗೆ ನಿಜವಾಗ್ಲೂ ಹೆಮ್ಮೆ ಆಯ್ತು. ಎಷ್ಟೋ ಊರಲ್ಲಿ ರಸ್ತೆ ಅಗಲ ಮಾಡೋಕೆ ಒಂದು ಹಳೇ ಮಂಟಪಾನೂ ಉಳಿಸ್ಕೊಳ್ಳಲ್ಲ.

ಸ್ಟೇಷನ್ನಿಂದ ರಂಗನಾಥಸ್ವಾಮಿ ದೇವಸ್ಥಾನಕ್ಕೆ ಅಮ್ಮನ ನಡಿಗೇಲೇ ಹದಿನೈದು ನಿಮಿಷ. ಗಂಗರ ಕಾಲದಲ್ಲಿ, 894ರಲ್ಲಿ, ತಿರುಮಲಯ್ಯ ಕಟ್ಟಿಸಿದ್ದು ಅಂತಾರೆ, ಆಮೇಲೆ ಹೊಯ್ಸಳರು, ವಿಜಯನಗರದವರು ಎಲ್ರೂ ಸೇರಿಸ್ತಾ ಹೋಗಿದಾರೆ. ಮಧ್ಯಾಹ್ನ ಬಾಗಿಲು ಹಾಕ್ತಾರೆ, ಅದನ್ನ ನೆನಪಲ್ಲಿಟ್ಕೊಂಡೇ ಬೆಳಗಿನ ಟ್ರೈನ್ ಆರಿಸಿ. ಸಾಲಲ್ಲಿ ನಮ್ಮ ಮುಂದೆ ಇಪ್ಪತ್ತು ಜನಾನೂ ಇರ್ಲಿಲ್ಲ. ಗರ್ಭಗುಡಿ ಮುಂದೆ ಯಾರೂ ನೂಕದೆ ನಿಂತ್ಕೊಂಡು ಮಲಗಿರೋ ರಂಗನಾಥನ್ನ ಪಾದದಿಂದ ಕಿರೀಟದ ತನಕ ನೋಡೋಕೆ ಸಿಕ್ತು, ಅಮ್ಮ ಹೊರಗೆ ಬಂದು "ಇಷ್ಟು ವರ್ಷದಲ್ಲಿ ಇವತ್ತೇ ಕಣೇ ನಾನು ಸರಿಯಾಗಿ ದರ್ಶನ ಮಾಡಿದ್ದು" ಅಂದ್ಳು. ಹೂವು ಮಾರೋ ಹೆಂಗಸು "ಬಾರವ್ವ, ನೆಳ್ಳಲ್ಲಿ ಕುಂತ್ಕೊ" ಅಂತ ಅಮ್ಮಂಗೆ ಸ್ಟೂಲ್ ಹಾಕಿ ಕೊಟ್ರು, ಹೂವು ತಗೊಳ್ಳೀ ಅಂತ ಒಂದ್ಸಲಾನೂ ಹೇಳ್ಲಿಲ್ಲ.

ದೊಡ್ಡ ಮಸೀದಿ ಕೋಟೆಯ ಇನ್ನೊಂದು ತುದೀಲಿ, ಗಂಜಾಂ ಕಡೆ ಹೋಗೋ ದಾರೀಲಿ, ಎರಡು ಮಿನಾರು ದೂರದಿಂದಲೇ ಕಾಣ್ಸುತ್ವೆ. ಮಿನಾರಿನ ಮೈ ತುಂಬ ಗೂಡು ಗೂಡು, ಅದ್ರಲ್ಲೆಲ್ಲ ಪಾರಿವಾಳ. 1799 ಮೇ 4ರಂದು ಟಿಪ್ಪು ಸತ್ತು ಬಿದ್ದ ಜಾಗಾನೂ ಕೋಟೆ ಒಳಗೇ ಇದೆ, ಸುತ್ತ ಕಂಬಿ ಹಾಕಿ ಒಂದು ಕಲ್ಲು ನಿಲ್ಸಿದಾರೆ, ಅಷ್ಟೇ.

ಇಲ್ಲಿಂದ ಮುಂದೆ ಆಟೋ ಬೇಕು. ದರಿಯಾ ದೌಲತ್‌ಗೆ ಮಾತ್ರ ಟೈಮ್ ಜಾಸ್ತಿ ಇಟ್ಕೊಳ್ಳಿ ಅಂತ ಬೇಡ್ಕೋತೀನಿ. 1784ರಲ್ಲಿ ಕಟ್ಟಿದ ತೇಗದ ಅರಮನೆ, ಬಿಸಿಲಿಗೆ ಬಣ್ಣ ಹೋಗ್ದಿರ್ಲಿ ಅಂತ ಸುತ್ತ ಹಸಿರು ಪರದೆ ಬಿಟ್ಟಿರ್ತಾರೆ, ಒಳಗೆ ಹೋದ ಕೂಡ್ಲೇ ಕತ್ತಲೆ ಅನ್ಸುತ್ತೆ, ಎರಡು ನಿಮಿಷ ನಿಂತ್ರೆ ಗೋಡೆ ನಿಧಾನಕ್ಕೆ ಎದ್ದು ಬರುತ್ತೆ. ಹೈದರ್, ಟಿಪ್ಪು ಸೇರಿ ಬ್ರಿಟಿಷರನ್ನ ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ಚಿತ್ರ. ಕುದುರೆ ಮೇಲೆ ಕುದುರೆ, ಸಾಲು ಸಾಲು ಸಿಪಾಯಿಗಳು, ಮಧ್ಯೆ ಮದ್ದಿನ ಗಾಡಿ ಸಿಡೀತಿದೆ, ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೇಯ್ಲಿ ಬೆರಳು ಕಚ್ಕೊಂಡಿದಾನೆ. ಆ ಬೆರಳನ್ನ ಹುಡುಕಿ ನೋಡಿ. ನಾವಿದ್ದಾಗ ಒಂದು ಟೂರಿಸ್ಟ್ ಗುಂಪು ಬಂದು ಗೋಡೆ ಕಡೆ ತಿರುಗೂ ನೋಡದೆ ಹೋಯ್ತು, ಹೊಟ್ಟೆ ಉರೀತು.

ಉಳ್ಕೊಂಡ ಜಾಗಕ್ಕೆ ಮಾತ್ರ ಮಾರ್ಕ್ಸ್ ಕೊಡಲ್ಲ. ಫೋಟೋದಲ್ಲಿ ಕಿಟಕಿ ತುಂಬ ನದಿ ಇತ್ತು, ಹೋಗಿ ನೋಡಿದ್ರೆ ನಮ್ಮ ರೂಮಿನ ಕಿಟಕಿಗೆ ಎದುರಿದ್ದಿದ್ದು ಜನರೇಟರ್, ಬೆಳಿಗ್ಗೆ ಬಿಸಿನೀರೂ ಬರ್ಲಿಲ್ಲ, ಕೇಳಿದ್ರೆ ವಾರದ ಮಧ್ಯೆ ಜನ ಇಲ್ಲ ಅದಕ್ಕೆ ಆನ್ ಮಾಡಲ್ಲ ಅಂದ್ರು. ವಯಸ್ಸಾದೋರನ್ನ ಕರ್ಕೊಂಡು ಹೋಗೋರು ಮೊದಲೇ ಫೋನ್ ಮಾಡಿ ಎರಡು ವಿಷಯ ಕೇಳಿ: ಬಿಸಿನೀರು ಎಷ್ಟೊತ್ತಿಗೆ, ಸ್ಟೇಷನ್ನಿಂದ ಎಷ್ಟು ದೂರ. ಶ್ರೀರಂಗಪಟ್ಟಣ ಅಂತ ಅಡ್ರೆಸ್ ಇರೋ ಎಷ್ಟೋ ರೆಸಾರ್ಟ್ ಕೋಟೆಯಿಂದ ದೂರ ಇರ್ತವೆ.

ಆದ್ರೂ ರಾತ್ರಿ ಉಳಿದಿದ್ದು ಸಾರ್ಥಕ ಅನ್ಸಿದ್ದು ಸಂಜೆ. ಆರೂವರೆಗೆಲ್ಲ ಗಾಡಿಗಳು ಖಾಲಿ, ದೇವಸ್ಥಾನದ ಮುಂದಿನ ಬಯಲಲ್ಲಿ ಹುಡುಗ್ರು ಕ್ರಿಕೆಟ್ ಆಡ್ತಿದ್ರು. ಒಂದು ಕಾಲಕ್ಕೆ ಇದು ರಾಜಧಾನಿ. 1799ರಲ್ಲಿ ಕೋಟೆ ಬಿದ್ದ ಮೇಲೆ ರಾಜಧಾನಿ ಮೈಸೂರಿಗೆ ಹೋಯ್ತು, ಇಲ್ಲಿದ್ದ ಬ್ರಿಟಿಷ್ ಸೈನ್ಯಾನೂ ಜ್ವರದ ಕಾಟ ತಡೀಲಾರದೆ 1809ರಲ್ಲಿ ಬೆಂಗಳೂರಿನ ದಂಡಿಗೆ, ಅಂದ್ರೆ ಕಂಟೋನ್ಮೆಂಟ್‌ಗೆ, ಹೊರಟುಹೋಯ್ತು. ಈ ಊರಿನ ಮೌನ ಅಲ್ಲಿಂದ ಬಂದಿದ್ದು, ನಮ್ಮ ದಂಡಿನ ಗಲಾಟೆ ಶುರುವಾಗಿದ್ದೂ ಅಲ್ಲಿಂದಲೇ.

ಉಳಿದ ಊರುಗಳ ಬಗ್ಗೆ ಕೇಳೋರಿಗೆ: ನಮ್ಮ ಎರಡನೇ ಜಾಗ ಅರಸೀಕೆರೆ. ಎಲ್ರೂ ಜಂಕ್ಷನ್ ಅಂತ ಟೀ ಕುಡಿದು ಮುಂದೆ ಹೋಗ್ತಾರೆ, ಆದ್ರೆ ಅಲ್ಲಿ 1220ರ ಹೊಯ್ಸಳರ ಶಿವಾಲಯ ಇದೆ, ಮುಂದಿನ ಮಂಟಪ ನಕ್ಷತ್ರದ ಆಕಾರದ್ದು, ನಾವು ಹೋದಾಗ ಇಡೀ ಗುಡೀಲಿ ನಾವಿಬ್ರೇ. ಸ್ಟೇಷನ್ನಿಂದ ಆಟೋ ಬೇಕಾಗುತ್ತೆ, ಅದಕ್ಕೇ ಎರಡನೇ ಜಾಗ. ನಂದಿ ಗ್ರಾಮದ ಭೋಗನಂದೀಶ್ವರ ಇನ್ನೂ ಹತ್ತಿರ, ನಂದಿ ಹಾಲ್ಟ್ ಸ್ಟೇಷನ್ನೂ ಮುದ್ದಾಗಿದೆ, ಆದ್ರೆ ಆ ಲೈನಲ್ಲಿ ಗಾಡಿ ಕಮ್ಮಿ, ಒಂದು ತಪ್ಪಿದ್ರೆ ದಿನಾನೇ ಹೋಯ್ತು.

ಬುಧವಾರ ವಾಪಸ್ ಬರೋವಾಗ ಪ್ಲಾಟ್‌ಫಾರ್ಮ್ ಮೇಲೆ ಅರ್ಧ ಗಂಟೆ ಕಾದ್ವಿ. ಮೈಸೂರಿಂದಲೇ ತುಂಬ್ಕೊಂಡು ಬರುತ್ತೆ, ಸಂಜೆ ಗಾಡೀಲಿ ಸೀಟು ಸಿಗೋದು ಕಷ್ಟ, ಮಧ್ಯಾಹ್ನದ್ದೇ ಹಿಡೀರಿ. ಮಂಡ್ಯದಲ್ಲಿ ಒಬ್ಬ ಹುಡುಗ ಎದ್ದು "ಕೂತ್ಕೊಳ್ಳಿ ಆಂಟಿ" ಅಂದ. ಅಮ್ಮ ಕೂತ್ಕೊಂಡು ಬ್ಯಾಗಿಂದ ಉಳಿದಿದ್ದ ಬಾಳೆಹಣ್ಣು ತೆಗೆದು ಅವನಿಗೊಂದು ಕೊಟ್ಟು, ಮುಂದಿನ ತಿಂಗಳು ಎಲ್ಲಿಗೆ ಅಂತ ನನ್ನ ಕೇಳಿದ್ಳು.