ಹೊಸ ಬೇಸ್ ಇಪಿ: ಸ್ಟ್ರೀಮಿಂಗಾ, ಡೌನ್‌ಲೋಡಾ, ವಿನೈಲಾ?

ಎಳೆಯ ಪ್ರೊಡ್ಯೂಸರ್ ಒಬ್ಬರ ಪ್ರಯೋಗಶೀಲ ಬೇಸ್ ಇಪಿ (ತಗ್ಗು ದನಿಯೇ ಮುಖ್ಯವಾದ, ಕೆಲವೇ ಟ್ರ್ಯಾಕುಗಳ ಚಿಕ್ಕ ಆಲ್ಬಂ) ಬಂದಿದೆ, ಯಾವ ರೂಪದಲ್ಲಿ ಕೊಳ್ಳಲಿ ಅಂತ ಕೇಳಿದ್ದೀರಿ. ಮೊದಲು ನಿಮ್ಮ ಸ್ಪೀಕರ್ ನೋಡಿಕೊಳ್ಳಿ. ಈ ಸಂಗೀತದ ಜೀವ ಇರುವುದು 40ರಿಂದ 60 ಹರ್ಟ್ಜ್ ಆಸುಪಾಸಿನ ತೀರಾ ತಗ್ಗು ದನಿಯಲ್ಲಿ. ಫೋನಿನಲ್ಲಿ ಹಾಕಿದರೆ ಬರೀ ಚಟಪಟ ಉಳಿಯುತ್ತದೆ.

ಖರ್ಚಿನಲ್ಲಿ ಸ್ಟ್ರೀಮಿಂಗೇ ಹಗುರ. ಆದರೆ ಸ್ಪಾಟಿಫೈನಲ್ಲಿ 2024ರಿಂದ, 12 ತಿಂಗಳಲ್ಲಿ 1,000 ಸ್ಟ್ರೀಮ್ ಮುಟ್ಟದ ಟ್ರ್ಯಾಕಿಗೆ ರಾಯಲ್ಟಿಯೇ ಇಲ್ಲ. ಹೊಸಬರಿಗೆ ಇದು ಪೆಟ್ಟು. ಕಲಾವಿದರು ನೇರವಾಗಿ ಸಂಗೀತ ಮಾರುವ ತಾಣ ಬ್ಯಾಂಡ್‌ಕ್ಯಾಂಪ್ ಡೌನ್‌ಲೋಡಿನಲ್ಲಿ ಸಾಮಾನ್ಯವಾಗಿ ಶೇ 15 ಹಿಡಿದುಕೊಳ್ಳುತ್ತದೆ, ಮಿಕ್ಕಿದ್ದರಲ್ಲಿ ಪಾವತಿ ಶುಲ್ಕ ಹೋಗಿ ಉಳಿದದ್ದು ಕಲಾವಿದರಿಗೆ. ಗುಣಮಟ್ಟ ಕುಂದದ ಫ್ಲ್ಯಾಕ್ ಫೈಲ್ ನಿಮ್ಮ ಕೈಯಲ್ಲೇ ಇರುತ್ತದೆ. ಡಿಜೆ ಮಾಡುವವರಿಗೆ ಇದೇ ಅನುಕೂಲ.

ವಿನೈಲ್, ಅಂದರೆ ಗ್ರಾಮಫೋನ್ ತಟ್ಟೆಯ ಕಥೆ ಬೇರೆ. ಬೇಸ್ ಎಡಬಲಕ್ಕೆ ಹರಡಿದ್ದರೆ ಸೂಜಿ ಎಗರುತ್ತದೆ, ಅದಕ್ಕೇ ತಟ್ಟೆಯ ಗೀರು ಕೊರೆಯುವಾಗ ಅದನ್ನು ಮೋನೋಗೆ, ಅಂದರೆ ಎಡಬಲ ಎರಡರಲ್ಲೂ ಒಂದೇ ದನಿ ಇರುವಂತೆ ತರುತ್ತಾರೆ. 12 ಇಂಚಿನ ತಟ್ಟೆ, 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು), ಬದಿಗೆ ಒಂದೆರಡೇ ಟ್ರ್ಯಾಕ್ ಇದ್ದರೆ ಗೀರಿಗೆ ಜಾಗ ಸಿಕ್ಕಿ ಬೇಸ್ ಎದೆಗೆ ಗುದ್ದುತ್ತದೆ. ಎಲ್ಲವನ್ನೂ 33 ಆರ್‌ಪಿಎಂನ ಒಂದೇ ತಟ್ಟೆಗೆ ತುರುಕಿದ್ದರೆ ನಾನಂತೂ ಕೊಳ್ಳಲಾರೆ. ಹೊರದೇಶದಿಂದ ತರಿಸಿದರೆ ಸಾಗಣೆ, ಸುಂಕ ಬೇರೆ, ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ.

ಟರ್ನ್‌ಟೇಬಲ್ಲೂ ಸಬ್‌ವೂಫರೂ (ತಗ್ಗು ದನಿಯ ಸ್ಪೀಕರ್) ಮನೆಯಲ್ಲಿದ್ದರೆ ವಿನೈಲ್ ತರಿಸಿ. ಒಳ್ಳೆಯ ಹೆಡ್‌ಫೋನ್ ಮಾತ್ರ ಇದ್ದರೆ ಡೌನ್‌ಲೋಡ್ ಸಾಕು. ಇನ್ನೂ ಮನಸ್ಸು ನಿಂತಿಲ್ಲವೇ? ಎರಡು ವಾರ ಸ್ಟ್ರೀಮ್ ಮಾಡಿ ಕೇಳಿ.