ಕಾಸರಗೋಡಿನ ಸೆಕೆಗೆ ಕೂಲರೋ, ವಿಂಡೋ ಎಸಿಯೋ, ಸ್ಪ್ಲಿಟ್ಟೋ?

ಕುಂಬಳೆಯ ಬಾಡಿಗೆ ಮನೆಗೆ ಯಾವುದು ತರಲಿ ಎಂದು ಕೇಳಿದ್ದೀರಿ. ಮೂರರಲ್ಲೂ ಒಂದೊಂದು ತಾಪತ್ರಯ ಇದೆ.

ಕೂಲರ್ ಅಗ್ಗ, ಕರೆಂಟೂ ಕಡಿಮೆ. ಆದರೆ ನೀರು ಆವಿಯಾದರೆ ತಾನೇ ಅದು ತಂಪು ಮಾಡುವುದು? ನಮ್ಮ ಕರಾವಳಿಯ ಗಾಳಿ ಮೊದಲೇ ಒದ್ದೆ. ಕಿಟಕಿ ಮುಚ್ಚಿ ಹಾಕಿದರೆ ಸ್ವಲ್ಪ ಹೊತ್ತಿಗೆ ಹಾಸಿಗೆಯೇ ಅಂಟಂಟು. ಸೊಲ್ಲಾಪುರ, ಅಕ್ಕಲಕೋಟೆಯ ನೆಂಟರು ಹೊಗಳಿದರೆಂದು ಸುಮ್ನೆ ತರಬೇಡಿ. ಅಲ್ಲಿಯ ಒಣ ಬಿಸಿಲಿಗೆ ಅದು ಸರಿ.

ವಿಂಡೋ ಎಸಿಗೆ ಸಾಮಾನ್ಯವಾಗಿ ಬೆಲೆ ಕಡಿಮೆ, ಮನೆ ಬಿಡುವಾಗ ಬಿಚ್ಚಿ ಒಯ್ಯುವುದೂ ಸುಲಭ. ಸದ್ದು ಮಾತ್ರ ಜಾಸ್ತಿ. ಕಂಪ್ರೆಸರ್ ಕಿಟಕಿಯಲ್ಲೇ ಕೂತಿರುತ್ತದಲ್ವಾ? ಗ್ರಿಲ್ ಕತ್ತರಿಸಲು ಓನರ್ ಒಪ್ಪಬೇಕು, ಅದು ಬೇರೆ.

ಸ್ಪ್ಲಿಟ್‌ನಲ್ಲಿ ಕಂಪ್ರೆಸರ್ ಹೊರಗಿನ ಯೂನಿಟ್ಟಿನಲ್ಲಿರುತ್ತದೆ, ಹಾಗಾಗಿ ಕೋಣೆಯೊಳಗೆ ಸದ್ದು ಕಡಿಮೆ. ರಾತ್ರಿಯಿಡೀ ಓಡಿಸುವವರಿಗೆ ಇನ್ವರ್ಟರ್ ಮಾದರಿ (ಕರೆಂಟ್ ಹೋದಾಗಿನ ಬ್ಯಾಟರಿಯದ್ದಲ್ಲ, ಕಂಪ್ರೆಸರಿನ ವೇಗವನ್ನು ಬೇಕಾದಷ್ಟಕ್ಕೆ ಇಳಿಸುವ ಎಸಿ) ಬಿಲ್ ಉಳಿಸುತ್ತದೆ. ಆದರೆ ಕೆಂಪುಕಲ್ಲಿನ ಗೋಡೆ ಕೊರೆಯಬೇಕು. ಬಿಚ್ಚಿ ಜೋಡಿಸಿದಾಗಲೆಲ್ಲ ಗ್ಯಾಸ್ ಸೋರುವ ಭಯ. ಕಡಲ ಹತ್ತಿರ ಹೊರಗಿನ ಯೂನಿಟ್ಟನ್ನು ಉಪ್ಪುಗಾಳಿ ತಿನ್ನುತ್ತದೆ. ತುಕ್ಕು ತಡೆಯುವ ಲೇಪ ಇರುವ ತಾಮ್ರದ ಕಾಯಿಲನ್ನೇ ಕೇಳಿ.

ಒಂದೆರಡು ವರ್ಷದಲ್ಲಿ ಮನೆ ಬದಲಿಸುವವರಾದರೆ ವಿಂಡೋ. ಸ್ವಂತ ಮನೆ, ಹಗುರ ನಿದ್ದೆಯವರಾದರೆ ಸ್ಪ್ಲಿಟ್. ಹಂಚಿನ ಮಾಡಿಗೆ ಸೀಲಿಂಗ್ ಇಲ್ಲವೇ? ಮೊದಲು ಅದು ಮಾಡಿಸಿ, ಎಸಿ ಆಮೇಲೆ.